ಗೋಡೌನಿನಲ್ಲಿ ತೂಗಿದ ತೂಕದ ಕಲ್ಲು

ಕೊಟ್ಟೂರಿನಿಂದ ಹರಪನಹಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಹೈಸ್ಕೂಲಿನ ಹುಡುಗಿಯರಿಗೆ ವಿಜ್ಞಾನ ಹೇಳುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಯಾವ ಪಾಠದ ಮೇಲೂ ನನಗೆ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ದಣಿವು ಮಾತ್ರ ಇತ್ತು. ಲೋಲಕದ ಪಾಠ ಬಂದರೆ ದಾರಕ್ಕೆ ಗುಂಡು ಕಟ್ಟಿ ತೂಗುಬಿಡುತ್ತಿದ್ದೆ. ಗುಂಡು ಭಾರವಿದ್ದರೇನು, ಹಗುರವಿದ್ದರೇನು, ದಾರದ ಉದ್ದ ಒಂದೇ ಆದರೆ ತೂಗುವ ಹೊತ್ತೂ ಒಂದೇ ಎನ್ನುತ್ತಿದ್ದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು.

ಇವತ್ತು ಏನು ಕಲಿಸಿದಿ ಎಂದು ಅವ್ವ ದಿನಾ ಸಂಜೆ ಕೇಳುವಳು. ಒಂದು ಸಂಜೆ, "ಭೂಮಿ ತಿರುಗೋದು" ಎಂದೆ.

"ತಿರುಗಿದ್ರ ನಮ್ಮನಿ ಬಾಗ್ಲಾ ಯಾವಾಗ್ಲೂ ಮೂಡಲಿಗೇ ಯಾಕ ಐತಿ?"

"ಮನಿನೂ ಅದರ ಜೋಡಿನ ತಿರುಗತೈತಿ ಬೇ."

"ನೀ ಕಂಡೀಯೇನು?"

ಕಂಡಿಲ್ಲ ಎನ್ನುವುದಕ್ಕೂ ಬೇಸರವಾಗಿ ಉಂಡು ಮಲಗಿದೆ. ಮರುದಿನ ಶಾಲೆಯಲ್ಲಿ ಗಣಿತದ ಮಾಸ್ತರರಿಗೆ ಈ ಮಾತು ಹೇಳಿದೆ. ಅವರು ನಿವೃತ್ತಿಯ ಅಂಚಿನಲ್ಲಿದ್ದವರು, ಕುರ್ಚಿಯಿಂದ ಸುಲಭಕ್ಕೆ ಏಳುವವರಲ್ಲ.

"ನೂರೈವತ್ತು ವರ್ಷದ ಹಿಂದ ಫ್ರಾನ್ಸಿನ ಒಬ್ಬ ವಿಜ್ಞಾನಿ ದೊಡ್ಡ ಗುಮ್ಮಟದಿಂದ ಗುಂಡು ತೂಗುಬಿಟ್ಟು ತೋರಿಸಿದ್ನಲ್ರಿ ಮೇಡಮ್. ಗುಂಡು ತನ್ನ ದಿಕ್ಕು ಬಿಡಂಗಿಲ್ಲ, ಕೆಳಗಿನ ನೆಲನ ತಿರುಗತೈತಿ. ಎತ್ತರದ ಸೂರು ಸಿಕ್ರ ನಾವೂ ನೋಡಬಹುದು."

ಎತ್ತರದ ಸೂರು ಹರಪನಹಳ್ಳಿಯಲ್ಲೇ ಇತ್ತು. ನಮ್ಮಕ್ಕನ ಗಂಡ ಮೆಕ್ಕೆಜೋಳದ ವ್ಯಾಪಾರಿ. ಅವರ ಗೋಡೌನು ಆಗ ಖಾಲಿ ಬಿದ್ದಿತ್ತು. ಕೇಳಿದಾಗ ಭಾವ ನಕ್ಕರು. "ಹೊಸ ಮಾಲು ಬರೋದ್ರಾಗ ಬಿಚ್ಕಂಡು ಹೋಗವ್ವಾ" ಎಂದರು.

ಒಂದು ಭಾನುವಾರ ನಾನೂ ಗಣಿತದ ಮಾಸ್ತರರೂ ಸೇರಿ ಸೂರಿನ ಕಬ್ಬಿಣದ ತೊಲೆಯಿಂದ ಉಕ್ಕಿನ ತಂತಿ ಇಳಿಬಿಟ್ಟು, ಅಂಗಡಿಯ ಇಪ್ಪತ್ತು ಕೆಜಿ ತೂಕದ ಕಲ್ಲನ್ನು ಅದಕ್ಕೆ ಕಟ್ಟಿದೆವು. ಕೆಳಗೆ ಸೀಮೆಸುಣ್ಣದಲ್ಲಿ ಉದ್ದ ಗೆರೆ ಎಳೆದೆ. ನಮ್ಮ ಕಡೆ ಕಲ್ಲಿನ ತೂಗಾಟ ಗಡಿಯಾರದ ಮುಳ್ಳಿನಂತೆ ಬಲಕ್ಕೆ, ಅದೂ ಬಹಳ ನಿಧಾನವಾಗಿ ಸರಿಯಬೇಕು. ಉತ್ತರ ಧ್ರುವದಲ್ಲಾದರೆ ಒಂದು ದಿನಕ್ಕೆ ಸುತ್ತು ಮುಗಿಯುತ್ತದೆ. ಸಮಭಾಜಕಕ್ಕೆ ಹತ್ತಿರ ಬಂದಷ್ಟೂ ತಡ. ನಮ್ಮ ಸೀಮೆಗೆ ಹೆಚ್ಚುಕಡಿಮೆ ನಾಲ್ಕು ದಿನ ಬೇಕು.

ಹತ್ತಾರು ಹುಡುಗಿಯರು ನೋಡಲು ಬಂದಿದ್ದರು. ಅಕ್ಕನನ್ನು ಮಾತಾಡಿಸುವ ನೆಪದಲ್ಲಿ ಅವ್ವನೂ ಬಂದಿದ್ದಳು. ಬಾಗಿಲ ಬಳಿ ಅವಳಿಗೊಂದು ಕುರ್ಚಿ ಹಾಕಿಸಿದ್ದೆ. ನಾನು ಕಲ್ಲನ್ನು ಎಳೆದು ಕೈಬಿಟ್ಟೆ. ಸ್ವಲ್ಪ ಹೊತ್ತಿಗೇ ಅದು ಗೆರೆಯಿಂದ ಸರಿಯತೊಡಗಿತು. ಹುಡುಗಿಯರು ಚಪ್ಪಾಳೆ ಹೊಡೆದರು. ಆದರೆ ಅದು ಎಡಕ್ಕೆ ಸರಿಯುತ್ತಿತ್ತು.

ಗಣಿತದ ಮಾಸ್ತರರು ನನ್ನ ಮುಖ ನೋಡಿದರು. ನಾನು, "ಇದು ತಪ್ಪಾಗೈತಿ, ನಿಲ್ಲಿಸೋಣ" ಎಂದೆ. ಬಿಡುವಾಗ ನನ್ನ ಕೈ ಅಲುಗಿ, ಕಲ್ಲು ನೆಟ್ಟಗೆ ತೂಗದೆ ಮೊಟ್ಟೆಯಾಕಾರದಲ್ಲಿ ಸುತ್ತುತ್ತಿತ್ತು, ಅದಕ್ಕೇ ದಿಕ್ಕು ತಪ್ಪಿತ್ತು. ಹುಡುಗಿಯರಿಗೆ ಅರ್ಥವಾಗಲಿಲ್ಲ. ಮಂಡಕ್ಕಿ ಮಿರ್ಚಿ ತಿಂದು, ಬಸ್ಸಿಗೆ ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಹೊರಟುಹೋದರು. ನಾನು ಅಲ್ಲೇ ಖಾಲಿ ಚೀಲಗಳ ಮೇಲೆ ಕುಸಿದು ಕೂತೆ. ಇದೆಲ್ಲ ಯಾರಿಗೆ ಬೇಕಾಗಿತ್ತು ಅನಿಸಿತು.

"ಬಿಚ್ಚಿಬಿಡೋಣೇನ್ರಿ?" ಎಂದೆ.

"ಕೈಯಿಂದ ಬಿಡಬಾರ್ದು. ದಾರದಿಂದ ಎಳೆದು ಕಟ್ಟಿ, ದಾರ ಸುಡಬೇಕು," ಎಂದರು ಮಾಸ್ತರರು. "ಕೂತೇ ಕಾಯೋಣು ಬರ್ರಿ. ಮನಿಗೆ ಹೋಗಿ ಮಾಡೋದಾದ್ರೂ ಏನೈತಿ?"

ಕಲ್ಲನ್ನು ನೂಲಿನ ದಾರದಿಂದ ಕಂಬಕ್ಕೆ ಎಳೆದು ಕಟ್ಟಿದೆವು. ಅಲುಗಾಟ ಪೂರ್ತಿ ನಿಂತ ಮೇಲೆ ದಾರಕ್ಕೆ ಮೇಣದಬತ್ತಿ ಹಿಡಿದೆ. ದಾರ ಸುಟ್ಟು ಕಡಿಯಿತು. ಕಲ್ಲು ಸದ್ದಿಲ್ಲದೆ ಗೆರೆಯ ಮೇಲೇ ಹೊರಟಿತು. ನಾವು ಮೂವರೂ ನೋಡುತ್ತ ಕೂತೆವು. ಮಾಸ್ತರರಿಗೆ ಒಮ್ಮೆ ತೂಕಡಿಕೆ ಬಂತು, ನನಗೂ ಬಂತು. ಅವ್ವ ಮಾತ್ರ ಕಲ್ಲಿನಿಂದ ಕಣ್ಣು ಕೀಳಲಿಲ್ಲ. ಗಂಟೆ ಕಳೆದಿರಬೇಕು, ಅವಳೇ ಕೂಗಿದಳು.

"ಏಯ್, ಇದು ದಾರಿ ಬಿಟ್ಟೈತಿ ನೋಡು."

ಬಗ್ಗಿ ನೋಡಿದೆ. ನಾಲ್ಕು ಬೆರಳಿನಷ್ಟು, ಬಲಕ್ಕೆ.

"ಅದು ಬಿಟ್ಟಿಲ್ಲ ಬೇ. ಕೆಳಗಿನ ನೆಲ ತಿರುಗೈತಿ, ನಿನ್ನ ಕುರ್ಚಿ ಸಮೇತ."

ಅವ್ವ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಎಷ್ಟು ಮೆಲ್ಲಕ" ಎಂದಳು.

ನಾನು ಕುಣಿಯಬೇಕಿತ್ತು. ಆದರೆ ಆ ಹೊತ್ತಿಗೆ ಸಂತೋಷಪಡಲೂ ಮೈಯಲ್ಲಿ ಕಸುವಿರಲಿಲ್ಲ. ಮರುದಿನ ಮಾಲು ಬಂತು. ಭಾವನ ಹಮಾಲರು ತಂತಿ ಬಿಚ್ಚಿ, ಚೀಲ ಒಟ್ಟಿದರು.

ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ನಾವು ನೋಡಿದ್ದು ಸುಳ್ಳೇನ್ರಿ ಮೇಡಮ್?" ಎಂದು ಕೇಳಿದಳು.

"ಹೌದು, ಸುಳ್ಳು" ಎಂದೆ. ಅದು ಹೇಗೆ ತಪ್ಪಿತು, ಕೈ ಅಲುಗಿದರೆ ಏನಾಗುತ್ತದೆ, ದಾರ ಯಾಕೆ ಸುಡಬೇಕು ಎಂದು ಹೇಳತೊಡಗಿದೆ. ಅವರು ಬರೆದುಕೊಳ್ಳುವುದು ಬಿಟ್ಟು ಕೇಳಿದರು. ಅದರ ಮೇಲೆ ಪ್ರಶ್ನೆ, ಪ್ರಶ್ನೆಯ ಮೇಲೆ ಪ್ರಶ್ನೆ. ಪಕ್ಕದ ತರಗತಿಯವರು ಹೊರಗೆ ಬಂದಾಗಲೇ ಹೊತ್ತು ಮುಗಿದದ್ದು ಗೊತ್ತಾಗಿದ್ದು. ನನ್ನ ಗಂಟಲು ಪೂರ್ತಿ ಬಿದ್ದುಹೋಗಿತ್ತು.