ಅಳಿಸಿದ ಭಂಡಾರ

ಉಮರ್ಗಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನೀಲೇಶನಿಗೆ ಜಂಬ ಸ್ವಲ್ಪ ಜಾಸ್ತಿ. ಉಳಿದವರು ಫೋಟೋ ಕೆಡಿಸುತ್ತಾರೆ, ತಾನೊಬ್ಬನೇ ತಿದ್ದುವವನು ಎನ್ನುತ್ತಿದ್ದ. ಅವನು ತೆಗೆಯುತ್ತಿದ್ದದ್ದು 'ರಾ' ಫೋಟೋ, ಅಂದರೆ ಕ್ಯಾಮೆರಾ ಕಂಡದ್ದನ್ನು ಕಂಡಂತೆಯೇ ಇಟ್ಟುಕೊಳ್ಳುವ ಕಚ್ಚಾ ಫೈಲು. ಕಂಪ್ಯೂಟರಿನಲ್ಲಿ ಬೆಳಕು ಏರಿಸಲಿ, ಮೊಡವೆ ಒರೆಸಲಿ, ಮೂಲದ ಕೂದಲೂ ಕೊಂಕುವುದಿಲ್ಲ. ತಿದ್ದಿದ್ದೆಲ್ಲ ಬೇರೆಯಾಗಿ ಉಳಿಯುತ್ತದೆ, ಬೇಡವೆಂದರೆ ತೆಗೆದುಹಾಕಬಹುದು.

ಯೆಣೆಗೂರಿನಲ್ಲಿ ಕುರಿ ಸಾಕುವ ಗುರಮ್ಮನ ಮಗ ಜ್ಞಾನೇಶ್ವರನ ಮದುವೆಗೆ ನೀಲೇಶನದೇ ಕ್ಯಾಮೆರಾ. ಮನೆದೇವರು ಬೀರಪ್ಪನ ಪೂಜೆಯಾದ ಮೇಲೆ ಮನೆಯವರೆಲ್ಲರ ಹಣೆಯಲ್ಲೂ ದೇವರ ಭಂಡಾರದ ಅರಿಸಿನ ಹೊಳೆಯುತ್ತಿತ್ತು. ಆಗ ಮಕ್ಕಳು-ಸೊಸೆಯರ ನಡುವೆ ನಿಂತು ತೆಗೆಸಿಕೊಂಡ ಫೋಟೋವನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕಬೇಕೆಂದು ಗುರಮ್ಮನ ಆಸೆ.

ಗುರಮ್ಮನ ಗಂಡ ತೀರಿಹೋಗಿದ್ದ. ಗಂಡ ಸತ್ತವಳ ಹಣೆ ಖಾಲಿ ಇರಬೇಕು, ಗಡಿಬಿಡಿಯಲ್ಲಿ ಯಾರೋ ಹಚ್ಚಿಬಿಟ್ಟಿದ್ದಾರೆ ಎಂದು ನೀಲೇಶ ತಾನೇ ತೀರ್ಮಾನಿಸಿ ಆಕೆಯೊಬ್ಬಳ ಹಣೆಯನ್ನು ನೀಟಾಗಿ ಒರೆಸಿದ. ಒಂದು ಮಾತು ಕೇಳಬೇಕೆಂದು ಅನಿಸಲೇ ಇಲ್ಲ. ಊರ ಮರ್ಯಾದೆ ಕಾಯುವ ಗುತ್ತಿಗೆ ಇವನಿಗೆ ಯಾರು ಕೊಟ್ಟಿದ್ದರೋ!

ಪ್ರಿಂಟ್ ಒಯ್ಯಲು ಗುರಮ್ಮ ಮಗನ ಜೊತೆ ಬಂದಳು. ಕೈಯಲ್ಲಿ ಹಿಡಿದು ನೋಡಿದವಳ ಮುಖ ಇಳಿದುಹೋಯಿತು.

"ನನ್ನ ಭಂಡಾರ ಎಲ್ಲಿ ಹೋತೋ ತಮ್ಮಾ?"

"ಕಂಪ್ಯೂಟರ್ ಒಮ್ಮೊಮ್ಮಿ ಹಂಗ ಮಾಡ್ತದರೀ ಮಾವಶಿ."

"ಇವ್ರೆಲ್ಲರ ಹಣಿ ಮ್ಯಾಗ ಅದ. ನಾ ಗಂಡ ಸತ್ತಾಕಿ ಅಂತ ಕಂಪ್ಯೂಟರಿಗಿ ಯಾರ ಹೇಳ್ಯಾರ?"

ಜ್ಞಾನೇಶ್ವರ ಮೆಲ್ಲಗೆ, "ಹೋಗ್ಲಿ ಬಿಡವ್ವಾ" ಎಂದ.

"ಯಾಕ ಬಿಡ್ಲೋ? ನಿಮ್ಮಪ್ಪ ಸತ್ತಾಗ ಕುಂಕುಮ ಅಳಿಸಿದ್ರು, ಬಳಿ ಒಡದ್ರು, ಸುಮ್ಮ ಕುಂತೆ. ಭಂಡಾರಕ್ಕ ಯಾರೂ ಕೈ ಹಚ್ಚಲಿಲ್ಲ. ಅದು ಗಂಡ ಕೊಟ್ಟಿದ್ದಲ್ಲ, ಬೀರಪ್ಪ ಕೊಟ್ಟಿದ್ದು."

"ಏನೂ ಹೋಗಿಲ್ಲರೀ, ಮೂಲ ಹಂಗೇ ಅದ," ಎನ್ನುತ್ತ ನೀಲೇಶ ಗಡಬಡಿಸಿ ಫೈಲು ತೆರೆದು ಆ ಒಂದು ತಿದ್ದುಪಡಿಯನ್ನು ತೆಗೆದುಹಾಕಿದ. ಪರದೆಯ ಮೇಲೆ ಗುರಮ್ಮನ ಹಣೆ ಮತ್ತೆ ಹಳದಿಯಾಯಿತು. ಇಷ್ಟಕ್ಕೆ ಮುಗಿಯಿತೆಂದು ಅವನು ಉಸಿರು ಬಿಟ್ಟ.

"ನೀವು ಲಿಂಗವಂತರಲ್ಲೇನು? ನಿಮ್ಮಪ್ಪ ಅದಾರೇನು?" ಗುರಮ್ಮ ಕೇಳಿದಳು.

"ಇಲ್ಲರೀ. ಹೋಗಿ ಭಾಳ ವರ್ಷ ಆತು."

"ನಿಮ್ಮವ್ವ ಈಬತ್ತಿ ಹಚ್ಚಕೋತಾಳಲ್ಲ?"

"ದಿನಾ ಹಚ್ಚಕೋತಾಳರೀ."

"ಆಕೀದೂ ಒರಸ್ತಿಯೇನು?"

ಬೆಳಿಗ್ಗೆಯಷ್ಟೇ ತಾಯಿ ವಿಭೂತಿ ಹಚ್ಚಿಕೊಂಡು ಅವನಿಗೆ ಊಟ ಬಡಿಸಿದ್ದಳು. ಅದನ್ನು ಒರೆಸಬೇಕೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು. ತಲೆ ಎತ್ತದೆಯೇ ಹೇಳಿದ:

"ಕಂಪ್ಯೂಟರ್ ಅಲ್ಲರೀ ಮಾವಶಿ. ನಾನೇ ಅಳಿಸಿದೆ."

"ಅದು ನನಗ ನೋಡಿದಾಗೇ ತಿಳೀತು," ಎಂದಳು ಗುರಮ್ಮ. "ಪ್ರಿಂಟ್ ತಗಿ."