ಒಂದು ಬೆಟರ್, ಇಬ್ಬರು ಓರಗಿತ್ತಿಯರು

ಹೋದ ವಾರ ನನ್ನ ಇಂಗ್ಲಿಷ್ ಪಾಠ ಒಂದು ಮನೆ ಒಡೆಯುವುದರಲ್ಲಿತ್ತು.

ಮೂಡಿಗೆರೆ ಕಡೆಯ ಚಂದ್ರಣ್ಣನವರದ್ದು ಹೋಮ್‌ಸ್ಟೇ. ದೇವರಮನೆ ಬೆಟ್ಟ ನೋಡಲು ಬರುವ ಗೆಸ್ಟ್‌ಗಳ ಜೊತೆ ನಾಲ್ಕು ಮಾತಾಡುವಷ್ಟು ಅಡುಗೆಯವರಿಗೆ ಕಲಿಸಿ ಎಂದು ಕರೆದಿದ್ದರು. (ರಿಟೈರ್ಡ್ ಮೇಷ್ಟ್ರಿಗೆ ಪಾಠ ಎಂದರೆ ಚಟ.) ಅಡುಗೆಯವರು ಇಬ್ಬರು. ಹಿರಿಯಳು ಜಯಂತಿ, ಕಿರಿಯಳು ಸುಜಾತಾ. ಓರಗಿತ್ತಿಯರು. ಒಂದೇ ಮನೆ, ಒಂದೇ ಒಲೆ.

ನಾನು ಹೋದ ಕೂಡಲೇ ಚಂದ್ರಣ್ಣ ಹೇಳಿದ್ದರು: “ಮಳೆ ಹಿಡಿದ್ರೆ ಗೆಸ್ಟ್ ಕಮ್ಮಿ ಮಾರಾಯ್ರೆ. ಒಬ್ರು ಸಾಕು. ಯಾರನ್ನ ಇಟ್ಕೊಳ್ಳೋದು ಅಂತ ನೋಡ್ತಿದೀನಿ.”

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದ ಆ ಇಬ್ಬರು ಬಿಟ್ಟಿರಲಿಲ್ಲ.

ಅಂದಿನದು ಹೋಲಿಸಿ ಹೇಳುವ ಪಾಠ. ಫಾಸ್ಟರ್, ಬೆಟರ್, ಮೋರ್ ಕೇರ್‌ಫುಲಿ. ಬಸ್ಸಿಗಿಂತ ಜೀಪು ಹೇಗೆ ಓಡುತ್ತದೆ ಎಂದು ಇಬ್ಬರೂ ನಗುತ್ತಲೇ ಹೇಳಿದರು. ನನಗೆ ಹುಮ್ಮಸ್ಸು ಬಂತು. “ಈಗ ನಿಮ್ಮ ಬಗ್ಗೆಯೇ ಹೇಳಿ. ಹೂ ಕುಕ್ಸ್ ಬೆಟರ್?” ಎಂದುಬಿಟ್ಟೆ.

ರೊಟ್ಟಿ ತಟ್ಟುತ್ತಿದ್ದ ಜಯಂತಿಯ ಕೈ ನಿಂತಿತು. ಸುಜಾತಾ ಬಾಗಿಲ ಕಡೆ ನೋಡಿದಳು. ನಾನೂ ತಿರುಗಿದೆ. ಚಂದ್ರಣ್ಣ ಕಾಫಿ ಲೋಟ ಹಿಡಿದು ನಿಂತಿದ್ದರು.

“ಹೇಳಿ, ಹೇಳಿ. ನಾನೂ ಕೇಳ್ತೀನಿ.”

ನಮ್ಮ ಕಡೆ ಯಾರಾದರೂ ಎದುರೆದುರೇ ಹೀಗೆ ಹೋಲಿಸುತ್ತಾರೆಯೇ? ಮದುವೆಯೂಟದಲ್ಲಿ ಎರಡು ಪಾಯಸ ಬಡಿಸಿದರೆ ‘ಇದೂ ಚೆನ್ನಾಗಿದೆ, ಅದೂ ಅಡ್ಡಿಲ್ಲ’ ಎಂದು ಎದ್ದು ಬರುವ ಜನ ನಾವು. ನನಗೆ ಮಾತ್ರ ಏನು ದಾಡಿ ಬಡಿದಿತ್ತೋ!

ಸುಜಾತಾಗೆ ಇಂಗ್ಲಿಷ್ ಚುರುಕು. ‘ಐ’ ಎಂದು ಶುರುಮಾಡಿದರೆ ಕೆಲಸ ಅವಳದೇ. ಕೆಲಸ ಇಬ್ಬರಿಗೂ ಬೇಕು. ಕಾವಲಿ ಮೇಲಿನ ರೊಟ್ಟಿ ಸೀಯತೊಡಗಿತು. ಯಾರೂ ಮಗುಚಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

“ಅಕ್ಕ ಕುಕ್ಸ್ ಬೆಟರ್ ದ್ಯಾನ್ ಮಿ,” ಎಂದಳು ಸುಜಾತಾ.

ಚಂದ್ರಣ್ಣ ಜಯಂತಿಯತ್ತ ನೋಡಿದರು. ಅವಳು ತಡವರಿಸಿದಳು. “ಸುಜಾತಾ ಸ್ಪೀಕ್ಸ್... ಬೆಟರ್ ದ್ಯಾನ್ ಮಿ.” ಆಮೇಲೆ ಕನ್ನಡದಲ್ಲೇ ಹೇಳಿದಳು: “ಒಬ್ರ ಕೆಲ್ಸಾನೇ ಕೊಡಿ ಅಣ್ಣ. ದಿನ ಬಿಟ್ಟು ದಿನ ಒಬ್ಬೊಬ್ರು ಬರ್ತೀವಿ. ಒಬ್ಳನ್ನ ಇಟ್ಕೊಂಡು ಒಬ್ಳನ್ನ ಕಳಿಸಿದ್ರೆ, ರಾತ್ರಿ ಒಂದೇ ಒಲೆ ಮುಂದೆ ಹೇಗೆ ಕೂರೋದು?”

ಚಂದ್ರಣ್ಣ ಕೆಟ್ಟವರಲ್ಲ. ಲೋಟ ಕೆಳಗಿಟ್ಟರು. ಆದರೆ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಕಲಿಸಿದವ್ರು ನೀವು. ನೀವೇ ಹೇಳಿ. ಯಾರು ಬೆಟರ್?”

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ದಿನ ಬಿಟ್ಟು ದಿನ ಅಂದ್ರಲ್ಲ, ಅದೇ ಬೆಟರ್,” ಎಂದೆ.

“ನೋಡುವ,” ಎಂದು ಅವರು ಹೊರಟುಹೋದರು. ಮಳೆ ಇನ್ನೂ ಹಿಡಿದಿಲ್ಲ. ‘ನೋಡುವ’ ಇನ್ನೂ ‘ನೋಡುವ’ ಆಗಿಯೇ ಇದೆ.

‘ಯಾರು ಬೆಟರ್’ ಎಂದು ಕೇಳುವವರ ಕೆಲಸ ಮಾತ್ರ ಎಂದೂ ಹೋಗುವುದಿಲ್ಲ, ಗಮನಿಸಿದ್ದೀರಾ?