ಬೀಳಿಸದೆ ಇಳಿಸುವ ನೀರು

ಹಿತ್ತಲ ಬಾವಿಯಿಂದ ನೀರು ಸೇದುವುದನ್ನು ನೀವೂ ನೋಡಿರುತ್ತೀರಿ. ಸೇದಿದ ನೀರಿನಲ್ಲಿ ಒಂದಿಷ್ಟನ್ನು ಮತ್ತೆ ಅದೇ ಬಾವಿಗೆ, ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ ಮರಳಿಸುವುದನ್ನು ನೋಡಿದ್ದೀರೋ ಇಲ್ಲವೋ ತಿಳಿಯದು. ನಾನು ಅದನ್ನು ಮೊದಲು ನೋಡಿದ್ದು ಎಂಬತ್ತರ ದಶಕದ ನಡುವೆ, ಚಿಕ್ಕೋಡಿಯಲ್ಲಿ. ದಿನಪತ್ರಿಕೆಯೊಂದರ ವರದಿಗಾರನಾಗಿ ಬಂದು, ಒಂದು ಜೈನ ಮನೆತನದ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮನೆಯ ಹಿರಿಯರು ಚಂಪಾಬಾಯಿ, ಓಣಿಗೆಲ್ಲ ಆಯಿ. ಮುಂಜಾನೆ ಅವರು ಸೇದಿದ ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸುವರು. ಆಮೇಲೆ ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಅಲ್ಲಿ ಸಿಕ್ಕಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ಒಂದು ಸಣ್ಣ ತಾಮ್ರದ ಕೊಡಕ್ಕೆ ಇಳಿಸಿಕೊಳ್ಳುವರು. ಆ ಕೊಡದ ಕಂಠಕ್ಕೊಂದು ಹಗ್ಗ, ತಳದ ಬಳೆಗೊಂದು ತೆಳು ದಾರ. ಹಗ್ಗ ಬಿಡುತ್ತ ಬಿಡುತ್ತ ಕೊಡವನ್ನು ನೀರು ಮುಟ್ಟುವವರೆಗೆ ಇಳಿಸಿ, ಬಾಗಿ ನೋಡಿ ಖಾತ್ರಿ ಮಾಡಿಕೊಂಡು, ಆಮೇಲೆ ದಾರ ಜಗ್ಗಿದರೆ ಕೊಡ ವಾಲುತ್ತದೆ. ಜೀವಗಳು ತಮ್ಮ ನೀರಿಗೆ ಸೇರುತ್ತವೆ. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ, ಆದ್ದರಿಂದ ಸುರಿಯಬಾರದು. ಇದು ಆಯಿಯ ನೇಮ.

ಬೀಳುವುದರೊಂದಿಗೆ ನನಗೂ ಆಗ ಬೇರೊಂದು ಬಗೆಯ ನಂಟಿತ್ತು. ನಾನು ಕಳಿಸುತ್ತಿದ್ದ ಸುದ್ದಿಗಳಲ್ಲಿ ಹೆಚ್ಚಿನವು ಬಿದ್ದವುಗಳದ್ದೇ: ರಾಯಬಾಗದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ, ಅಥಣಿಯಲ್ಲಿ ಮಳೆಗೆ ನೆನೆದ ಗೋಡೆ ಕುಸಿತ, ನಿಪ್ಪಾಣಿಯಲ್ಲಿ ತಂಬಾಕಿನ ದರ ಕುಸಿತ. ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಭೂಮಿಯ ಎಳೆತವೇ ಹೊಣೆ. ಆದರೂ ಅದರ ಹೆಸರನ್ನು ನಾನು ಒಮ್ಮೆಯೂ ಬರೆಯಲಿಲ್ಲ. ಏನೂ ಬೀಳದಂತೆ ದಿನವೂ ಯಾರೋ ಒಬ್ಬರು ನೋಡಿಕೊಳ್ಳುತ್ತಿದ್ದರೆ ಅದು ಸುದ್ದಿಯೂ ಆಗುವುದಿಲ್ಲ.

ಆ ವರ್ಷ ಆಯಿಯ ಮೊಮ್ಮಗಳು ಗೋಡೆ ಹಿಡಿದು ನಡೆಯಲು ಕಲಿತಳು. ಬಾವಿಯ ಕಟ್ಟೆ ಮೊಣಕಾಲೆತ್ತರದ್ದು. ಆಯಿಯ ಮಗ ಭೂಪಾಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಬಾವಿಗೆ ಕಬ್ಬಿಣದ ತೊಲೆ ಹಾಕಿ, ಚಪ್ಪಡಿ ಹೊದಿಸಿ, ಪಂಪ್ ಕೂಡಿಸಬೇಕೆಂದು ಮಾತೆತ್ತಿದರು.

"ಬಾವಿ ಮುಚ್ಚಿದರ ಅವನ್ನ ತಿರುಗಿ ಎಲ್ಲಿ ಬಿಡ್ಲಿ?" ಎಂದರು ಆಯಿ. "ಬಿಡಾಕ ಬರಲಿಲ್ಲಂದ್ರ ಈ ನೀರು ನಾ ಕುಡಿಯಾಂಗಿಲ್ಲ. ಕಾಗವಾಡದಾಗ ಮಗಳ ಮನಿ ಬಾವಿ ತೆರದೈತಿ. ಅಲ್ಲೇ ಇರತೀನಿ."

"ಆಯಿ, ಇರಿವಿ ಮಾಳಿಗಿ ಮ್ಯಾಲಿಂದ ಬಿದ್ದರೂ ಎದ್ದು ನಡೀತೈತಿ. ಅದಕಿಂತ ಸಣ್ಣವಕ್ಕ ಎಲ್ಲಿ ಪೆಟ್ಟು?"

"ಪೆಟ್ಟಾಗಿಲ್ಲಂತ ಅವು ನಿನ್ನ ಸಾಲಿಗೆ ಬಂದು ಹೇಳಿ ಹೋಗ್ಯಾವೇನು?"

ಭೂಪಾಲರ ಮಾತಿನಲ್ಲಿ ಹುರುಳಿತ್ತು. ಅಥಣಿಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನೇ ಹಿಂದುಮುಂದು ಮಾಡಿ ನೋಡಿದೆ. ಭೂಮಿ ಎಲ್ಲರನ್ನೂ ಎಳೆಯುತ್ತದೆ, ಆದರೆ ಆ ಎಳೆತದ ಬಿಸಿ ತಟ್ಟುವುದು ಗಾತ್ರ ನೋಡಿ. ಇರುವೆಯನ್ನು ಗಾಳಿಯೇ ಅಡ್ಡಗಟ್ಟಿ ಮೆಲ್ಲಗೆ ಇಳಿಸುತ್ತದೆ; ಮನುಷ್ಯನ ಕೂಸಿಗೆ ಆ ಉಪಚಾರವಿಲ್ಲ. ಒದ್ದೆ ಬಟ್ಟೆಯ ಅಂಚಿಗೆ ಅಂಟಿದ ಹನಿ, ಇಡೀ ಭೂಮಿ ಕೆಳಗೆ ಜಗ್ಗುತ್ತಿದ್ದರೂ ಬೀಳದೆ ತೂಗುತ್ತದೆ. ತುಸು ದಪ್ಪವಾಯಿತೋ, ಸೋಲುತ್ತದೆ. ಹೊಲದ ಕಲ್ಲು ತನಗೆ ಬೇಕಾದ ಆಕಾರದಲ್ಲಿ ಬಿದ್ದುಕೊಂಡಿರಬಹುದು. ಚಂದ್ರನಿಗೆ ಆ ಸ್ವಾತಂತ್ರ್ಯವಿಲ್ಲ, ಅಷ್ಟು ದೊಡ್ಡದಾದ ಮೇಲೆ ತನ್ನ ತೂಕವೇ ತನ್ನ ಮೂಲೆಗಳನ್ನೆಲ್ಲ ಒಳಗೆಳೆದು ದುಂಡಗೆ ಮಾಡಿಬಿಡುತ್ತದೆ. ಇನ್ನೂ ಮೇಲಕ್ಕೆ ಹೋದರೆ, ಎಲ್ಲೆಲ್ಲೋ ಚದುರಿದ್ದ ಅನಿಲ ಮತ್ತು ಧೂಳು ತಮ್ಮನ್ನು ತಾವೇ ಸೆಳೆದು, ಒತ್ತಿ, ಕಾದು, ಕೊನೆಗೊಮ್ಮೆ ಹೊತ್ತಿಕೊಂಡದ್ದೇ ಸೂರ್ಯ. ಆ ಸೂರ್ಯ ಮುಳುಗಿದ ಮೇಲೆ ನಮ್ಮ ಆಯಿ ಅನ್ನವನ್ನಾಗಲಿ ನೀರನ್ನಾಗಲಿ ಮುಟ್ಟುತ್ತಿರಲಿಲ್ಲ.

ಬಸ್ಸು ಇಳಿಯುವ ಹೊತ್ತಿಗೆ ಭೂಪಾಲರ ವಾದದಲ್ಲಿ ನನಗೊಂದು ಸಂದು ಕಂಡಿತು. ಒಂಟಿ ಇರುವೆಯನ್ನು ಗಾಳಿ ತಡೆಯುತ್ತದೆ, ಸರಿ. ಆದರೆ ಕೊಡದ ನೀರು ಒಟ್ಟಾಗಿ ಬೀಳುವಾಗ ಅದರೊಳಗಿನ ಜೀವವೂ ನೀರಿನ ವೇಗದಲ್ಲೇ ಬೀಳುತ್ತದಲ್ಲ. ನೀರಿಗೆ ನೀರು ಅಪ್ಪಳಿಸುವಲ್ಲಿ ಅದರ ಗತಿ ಏನು? ನನಗೆ ಗೊತ್ತಿಲ್ಲ, ಖಚಿತವಾಗಿ ಹೇಳುವವರು ಇದುವರೆಗೆ ಸಿಕ್ಕಿಲ್ಲ. ಆದರೆ ಬಾವಿಗೆ ಬಿದ್ದ ಕೂಸಿನ ಗತಿ ಏನೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಆಯಿಗೂ ಕೂಡ. ಕಷ್ಟ ಇದ್ದದ್ದೇ ಅಲ್ಲಿ.

ದಾರಿ ಕಂಡದ್ದು ಸೊಸೆ ಸುಮನ್‌ಗೆ, ರೊಟ್ಟಿ ಬಡಿಯುತ್ತಿದ್ದಾಗ. "ಪೂರಾ ಯಾಕ ಮುಚ್ಚತೀರಿ? ಒಂದು ಮೂಲ್ಯಾಗ ಕಿಂಡಿ ಬಿಡಸರಿ. ಕೊಡ ಹೋಗಬೇಕು, ಕೂಸು ಹೋಗಬಾರದು. ಮ್ಯಾಲೆ ಮುಚ್ಚಳ ಹಾಕಿದರಾತು."

ಹಾಗೆಯೇ ಆಯಿತು. ಕಿಂಡಿಯ ಮೇಲೊಂದು ಹೊಸ ರಾಟೆಯೂ, ಮನೆಯವರ ಮಾತಿನಲ್ಲಿ ಗಡಗಡಿ, ಬಂತು. ಕೆಲಸ ಮುಗಿದ ಮರುದಿನ ಮುಂಜಾನೆ ಆಯಿ ನೀರು ಸೋಸಿ, ಸಣ್ಣ ಕೊಡವನ್ನು ಕಿಂಡಿಯಲ್ಲಿ ಇಳಿಸಿದರು. ಒಳಗೆ ಕತ್ತಲೆ. ಬ್ಯಾಟರಿ ಬಿಟ್ಟು ನೋಡಿದೆವು. ಕೊಡವೇ ಬೆಳಕಿಗೆ ಅಡ್ಡವಾಯಿತು. ಪಂಪು ನೀರೆತ್ತಿದಂತೆ ಮಟ್ಟ ಬದಲಾಗುವುದರಿಂದ ಹಗ್ಗಕ್ಕೆ ಗುರುತು ಹಾಕಿಯೂ ಉಪಯೋಗವಿರಲಿಲ್ಲ. ಮುಟ್ಟಿರಬೇಕೆಂದು ಅಂದಾಜು ಮಾಡಿ ಆಯಿ ದಾರ ಜಗ್ಗಿದರು. ಕೆಳಗಿನಿಂದ ನೀರು ಅಪ್ಪಳಿಸಿದ ಸದ್ದು ಬಂತು.

"ನೀರು ಮುಟ್ಟೂಕಿಂತ ಮೊದಲ, ನಡಬರಕ ಬಿತ್ತು," ಎಂದರು ಆಯಿ, ಮುಚ್ಚಳ ಎಳೆದರು. ಆ ಮುಂಜಾನೆ ಅವರು ನೀರು ಮುಟ್ಟಲಿಲ್ಲ. ಸುಮನ್ ಎರಡು ಸಲ ತಂಬಿಗೆ ತಂದಿಟ್ಟು ಎರಡು ಸಲವೂ ಒಯ್ದಳು. ಮಧ್ಯಾಹ್ನದ ಹೊತ್ತಿಗೆ ಆಯಿ ಎರಡು ಸೀರೆ ಮಡಿಸಿ ಕೈಚೀಲಕ್ಕೆ ಹಾಕಿ, ನಾಳೆ ಕಾಗವಾಡದ ಕಡೆಗೆ ಮೊದಲ ಬಸ್ಸು ಎಷ್ಟಕ್ಕೆಂದು ನನ್ನನ್ನು ಕೇಳಿದರು.

ಭೂಪಾಲ ಶಾಲೆಯಿಂದ ಬಂದಾಗ ಬಿಸಿಲು ಮಾಳಿಗೆಯ ಅಂಚಿಗೆ ಏರಿತ್ತು. ಹೆಂಡತಿ ಹೇಳಿದ್ದನ್ನು ಕೇಳಿಸಿಕೊಂಡು, ಚಪ್ಪಲಿ ಬಿಡದೆಯೇ ಬಾವಿಯ ಹತ್ತಿರ ಹೋಗಿ ರಾಟೆಯ ಹಗ್ಗವನ್ನೊಮ್ಮೆ ಜಗ್ಗಿ ನೋಡಿದರು.

"ಆಯಿ, ಇನ್ನೊಮ್ಮೆ ಸೋಸು. ಗಡಗಡಿ ಬ್ಯಾಡ. ಅದರ ಮ್ಯಾಲೆ ಹಗ್ಗ ತಿಕ್ಕತೈತಿ, ಕೈಗೆ ಏನೂ ತಿಳಿಯಾಂಗಿಲ್ಲ. ಹಗ್ಗ ಕೈಯಾಗ ಹಿಡಿ. ಕೊಡ ನೀರಿಗೆ ಮುಟ್ಟಿದ ಕೂಡಲೆ ಅದರ ಭಾರ ನೀರು ಹೊರತೈತಿ. ಕೈ ಹಗುರಾಗತೈತಿ."

"ಮತ್ತೇನರ ಪಾಠ ಸುರು ಮಾಡೀಯೇನೋ?"

"ಪಾಠ ಅಲ್ಲ. ಹಿಡದು ನೋಡು. ಹೊತ್ತು ಮುಳಗಾಕತ್ತೈತಿ."

ಆಯಿ ನೀರು ಸೇದಿದರು, ಸೋಸಿದರು, ಬಟ್ಟೆ ತಿರುವಿದರು. ರಾಟೆ ಬಿಟ್ಟು, ಹಗ್ಗವನ್ನು ಅಂಗೈಯಲ್ಲೇ ಹಿಡಿದು, ಬೆರಳುಬೆರಳಾಗಿ ಸಡಿಲಿಸುತ್ತ ಹೋದರು. ಒಂದು ಕಡೆ ಅವರ ಕೈ ನಿಂತಿತು. ಅವರು ಮಗನನ್ನು ನೋಡಲಿಲ್ಲ, ನನ್ನನ್ನು ಕರೆದರು.

"ಪೇಪರಿನವನ, ನೀ ಹಿಡಿ. ಮಗ ಹೇಳ್ಯಾನಂತ ನಾ ಸುಮ್ಮ ಹೂಂ ಅಂದಾಂಗ ಆಗಬಾರದು."

ಹಗ್ಗವನ್ನು ಒಂದು ಗೇಣು ಮೇಲಕ್ಕೆತ್ತಿದೆ. ಕೊಡ ತನ್ನ ಪೂರ್ತಿ ಭಾರದೊಂದಿಗೆ ಕೈಗೆ ಬಂತು. ಮತ್ತೆ ಇಳಿಸಿದೆ, ಕಾಣದ ಎಲ್ಲೋ ಒಂದು ಆಳದಲ್ಲಿ, ಕಾಣದ ಯಾರೋ ಅದನ್ನು ನನ್ನ ಕೈಯಿಂದ ಇಸಿದುಕೊಂಡಂತೆ, ಭಾರ ಹೊರಟುಹೋಯಿತು. ಭೂಮಿ ಜಗ್ಗುವುದನ್ನು ನಿಲ್ಲಿಸಿರಲಿಲ್ಲ. ಹೊರುವವರು ಬದಲಾಗಿದ್ದರು, ಅಷ್ಟೇ.

"ಹಗುರಾತ?"

"ಹೌದ್ರಿ ಆಯಿ, ಹಗುರಾತು."

ಹಗ್ಗ ನನ್ನ ಕೈಯಲ್ಲೇ ಇರಲೆಂದು ಹೇಳಿ, ಅವರು ದಾರ ಜಗ್ಗಿದರು. ನಾವೆಲ್ಲ ಕಿಂಡಿಗೆ ಕಿವಿಗೊಟ್ಟೆವು. ಯಾವ ಸದ್ದೂ ಬರಲಿಲ್ಲ. ಆಯಿ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಮಾಳಿಗೆಯಾಚೆ ಉಳಿದಿದ್ದ ಬಿಸಿಲನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು, ಸೊಸೆಯ ಕಡೆ ತಿರುಗಿದರು.

"ಸುಮನ್, ಲಗೂನ ಒಂದು ತಂಬಿಗಿ ನೀರು ಕೊಡು ನೋಡೂಣು."